ಸೈಟು ಮಾರಿ ದಾನ ಕೊಟ್ಟೆ: ಬೆಲೆ ತೋರಿಸಿದ ಬಗೆ

ದಾವಣಗೆರೆಯಲ್ಲಿ ರಿಟರ್ನ್ ತುಂಬಿಕೊಡುವ ಕೆಲಸ ನನ್ನದು. ಸೈಟು ದಾನ ಕೊಟ್ಟರೆ ಅದರ ಬೆಲೆಯಷ್ಟು ಟ್ಯಾಕ್ಸ್ ಉಳಿಯುತ್ತಂತೆ ಅಲ್ವಾ ಅಂತ ಸುಮಾರು ಜನ ಕೇಳುತ್ತಾರೆ. ಇಲ್ಲ. ದಾನಕ್ಕೆ ಸಿಗುವ 80ಜಿ ರಿಯಾಯಿತಿ (1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್) ಹಣ ಕೊಟ್ಟರೆ ಮಾತ್ರ. ಸೈಟು, ಅಕ್ಕಿ ಮೂಟೆ, ಕಂಪ್ಯೂಟರ್ ಏನು ಕೊಟ್ಟರೂ, ಬೆಲೆಗೆ ಎಷ್ಟೇ ಕಾಗದ ತೋರಿಸಿದರೂ, ರಿಯಾಯಿತಿ ಸೊನ್ನೆ. ನಗದಾದರೆ 2,000 ರೂಪಾಯಿ ದಾಟುವಂತಿಲ್ಲ.

ನಿಟ್ಟುವಳ್ಳಿ ಕಡೆ ಅಪ್ಪ 1980ರ ದಶಕದಲ್ಲಿ ತಗೊಂಡ ಸೈಟು ನನ್ನ ಪಾಲಿಗೆ ಬಂದಿತ್ತು. ಪೂರ್ತಿ ಕೊಡುವುದಾಗಿದ್ದರೆ ದಾನಪತ್ರ ಬರೆದು ಮುಗಿಸುತ್ತಿದ್ದೆ. ದಾನ ಕೊಟ್ಟ ಆಸ್ತಿಗೆ ಕ್ಯಾಪಿಟಲ್ ಗೇನ್ಸ್, ಅಂದರೆ ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆದು ಉಳಿದ ಲಾಭದ ಮೇಲಿನ ತೆರಿಗೆ, ಬೀಳುವುದಿಲ್ಲ. ಆದರೆ ಸ್ವಲ್ಪ ಒಂದು ಹಾಸ್ಟೆಲ್ ಟ್ರಸ್ಟಿಗೆ, ಉಳಿದದ್ದು ಮಗಳಿಗೆ ಅಂತ ಮನೆಯಲ್ಲಿ ಮಾತಾಗಿತ್ತು. 2024ರ ದೀಪಾವಳಿ ಕಳೆದ ಮೇಲೆ ಮಾರಿದೆ. ಬೆಲೆ ಸಾಬೀತು ಮಾಡುವ ಕೆಲಸ ಬಂದದ್ದು ಆಗಲೇ.

2001ರ ಏಪ್ರಿಲ್ 1ಕ್ಕಿಂತ ಹಿಂದೆ ಕೊಂಡ ಆಸ್ತಿಗೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಕೊಂಡ ಬೆಲೆ ಅಂತ ಹಿಡಿಯಬಹುದು. ವ್ಯಾಲ್ಯುಯರ್ ಹತ್ತಿರ ವರದಿ ಬರೆಸಿದೆ. ಧಾರಾಳವಾಗಿಯೇ ಬರೆದಿದ್ದರು! ಆದರೆ ಜಾಗ, ಕಟ್ಟಡದ ವಿಷಯದಲ್ಲಿ ಆ ಬೆಲೆ ಅಂದಿನ ಗೈಡೆನ್ಸ್ ವ್ಯಾಲ್ಯೂ (ನೋಂದಣಿಗೆ ಸರ್ಕಾರ ನಿಗದಿ ಮಾಡಿದ ದರ) ಮೀರುವಂತಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಕೊಟ್ಟು ಹಳೆ ದರಪಟ್ಟಿಯ ದೃಢೀಕೃತ ನಕಲು ತೆಗೆಸಿದೆ. ಪಟ್ಟಿಯಲ್ಲಿ ಬಡಾವಣೆಯ ಹೆಸರೇ ಇಲ್ಲ, ಸರ್ವೆ ನಂಬರ್ ಮಾತ್ರ. ಅಪ್ಪನ ಕ್ರಯಪತ್ರದ ಚಕ್ಕುಬಂದಿ ಜೊತೆ ತಾಳೆ ನೋಡಿ ನಮ್ಮ ಸಾಲು ಹುಡುಕಿದೆ. ಚದರಡಿ ದರವನ್ನು ಖಾತೆಯಲ್ಲಿರುವ ಅಳತೆಗೆ ಗುಣಿಸಿದರೆ ವರದಿಯ ಬೆಲೆಗಿಂತ ಕಡಿಮೆಯೇ ಬಂತು. ಅದನ್ನೇ ಹಾಕಿದೆ. ವರದಿ ಫೈಲಿನಲ್ಲಿ ಇದೆ, ಇರಲಿ.

ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಲು ಸರ್ಕಾರದ ಸೂಚ್ಯಂಕ ಇದೆ: 2024-25ರದ್ದು 363, 2001-02ರದ್ದು 100. ಅಂದರೆ ಅಂದಿನ 1 ಲಕ್ಷ ನಾನು ಮಾರಿದ ವರ್ಷಕ್ಕೆ 3.63 ಲಕ್ಷ. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಜಾಗಕ್ಕೆ ಎರಡು ದಾರಿ: ಸೂಚ್ಯಂಕ ಸೇರಿಸಿ ಬಂದ ಲಾಭಕ್ಕೆ ಶೇ 20 ತೆರಿಗೆ, ಸೇರಿಸದೆ ಬಂದ ಲಾಭಕ್ಕೆ ಶೇ 12.5. ಎರಡೂ ಹಾಕಿ ನೋಡಿ ಕಡಿಮೆ ಬಂದದ್ದನ್ನು ಕಟ್ಟಿದೆ.

ದಾನದ ಲೆಕ್ಕದಲ್ಲಿ ಜನ ಜಾಸ್ತಿ ಎಡವುತ್ತಾರೆ. ಇಂಥ ಟ್ರಸ್ಟಿಗೆ ಕೊಟ್ಟದ್ದರಲ್ಲಿ ಆದಾಯದ ಶೇ 10ರವರೆಗೆ ಮಾತ್ರ ಗಣನೆಗೆ ಬರುತ್ತದೆ, ಅದರಲ್ಲೂ ಅರ್ಧಕ್ಕಷ್ಟೇ ರಿಯಾಯಿತಿ. ಸೈಟಿನ ಲಾಭ ಆ ಆದಾಯಕ್ಕೆ ಸೇರುವುದಿಲ್ಲ, ಆ ಲಾಭದ ತೆರಿಗೆಯೂ ಇದರಿಂದ ಇಳಿಯುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ 80ಜಿಯೇ ಇಲ್ಲ. ಮಿಕ್ಕದ್ದನ್ನು ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ. ಹಾಗಾಗಿ ಮಾರ್ಚಿನಲ್ಲಿ ಒಂದು ಚೆಕ್ಕು, ಏಪ್ರಿಲ್‌ನಲ್ಲಿ ಇನ್ನೊಂದು ಕೊಟ್ಟೆ. ಎರಡಕ್ಕೂ ಬೇರೆ ಬೇರೆ 10ಬಿಇ (ದಾನ ಪಡೆದವರು ಕೊಡುವ) ಪ್ರಮಾಣಪತ್ರ ಬೇಕು ಅಂತ ಟ್ರಸ್ಟಿನವರಿಗೆ ಮೊದಲೇ ಹೇಳಿಟ್ಟಿದ್ದೆ.