ಅಮೆರಿಕದಲ್ಲಿ ಮಕ್ಕಳು ಡಾಕ್ಟರ್ ಆಗ್ಬೇಕಂದ್ರೆ ಮೊದಲ ಡಿಗ್ರಿ ಕಾಲೇಜು ಆರಿಸೋದು ಹೇಗೆ?

ಊರಲ್ಲಾದ್ರೆ ಸೆಕೆಂಡ್ ಪಿಯುಸಿ ಮುಗಿಸಿ ನೀಟ್ ಬರೆದು, ಕೆಇಎ ಕೌನ್ಸೆಲಿಂಗಲ್ಲಿ ಆಪ್ಷನ್ ಎಂಟ್ರಿ ಮಾಡಿ, ಸೀಟ್ ಸಿಕ್ಕಿದ ತಕ್ಷಣ ಎಂಬಿಬಿಎಸ್ ಶುರು. ಅಮೆರಿಕದಲ್ಲಿ ಹಾಗಲ್ಲ. ಹೈಸ್ಕೂಲ್, ಅಂದ್ರೆ ಹನ್ನೆರಡನೇ ಕ್ಲಾಸ್ ಆದ್ಮೇಲೆ ಮೊದ್ಲು ನಾಲ್ಕು ವರ್ಷದ ಡಿಗ್ರಿ, ಅದ್ರ ಜೊತೆಗೆ ಎಂಕ್ಯಾಟ್ ಅನ್ನೋ ಪರೀಕ್ಷೆ, ಆಮೇಲೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲ್, ಅದೂ ಮುಗಿದ್ಮೇಲೆ ಕಮ್ಮಿ ಅಂದ್ರೂ ಮೂರು ವರ್ಷ ರೆಸಿಡೆನ್ಸಿ, ಅಂದ್ರೆ ಆಸ್ಪತ್ರೆಲಿ ಕೆಲಸ ಮಾಡ್ತಾ ಕಲಿಯೋ ತರಬೇತಿ. 1893ರಲ್ಲಿ ಜಾನ್ಸ್ ಹಾಪ್ಕಿನ್ಸ್ ಮೆಡಿಕಲ್ ಸ್ಕೂಲ್ ತೆರೆದಾಗ್ಲೇ ಡಿಗ್ರಿ ಇಲ್ದೋರನ್ನ ಸೇರಿಸ್ಕೊಳಲ್ಲ ಅಂತ ನಿಯಮ ಇಟ್ಟಿತ್ತು, ಮೆಡಿಕಲ್ ಸ್ಕೂಲುಗಳ ಗುಣಮಟ್ಟದ ಬಗ್ಗೆ 1910ರ ಫ್ಲೆಕ್ಸ್ನರ್ ವರದಿ ಬಂದ್ಮೇಲೆ ಉಳಿದವೂ ನಿಧಾನಕ್ಕೆ ಅದೇ ದಾರಿ ಹಿಡಿದ್ವು. ಹಾಗಾಗಿ ಇಲ್ಲಿರೋ ನಮ್ಮ ಕನ್ನಡದ ಮನೆಗಳಲ್ಲಿ ಮಗಳು ಹನ್ನೊಂದನೇ ಕ್ಲಾಸಿಗೆ ಬಂದ್ಲು ಅಂದ್ರೆ ಸಾಕು, ಕನ್ನಡ ಕೂಟದ ಊಟದ ಸಾಲಲ್ಲಿ ನಿಂತ್ರೂ ಅದೇ ಮಾತು, ಯಾವ ಕಾಲೇಜಿಗೆ ಹಾಕಿದ್ರೆ ಮುಂದೆ ಮೆಡಿಕಲ್ ಸಿಗುತ್ತೆ ಅಂತ. ನಾನು ಕೇಳಿದೋರಿಗೆಲ್ಲ ಹೇಳೋದು ಒಂದೇ: ಮಗು ಒಳ್ಳೆ ಗ್ರೇಡ್ ತೆಗೆಯೋಕಾಗೋ, ಸಾಲ ಕಮ್ಮಿ ಆಗೋ, ನೆಮ್ಮದಿಯಾಗಿ ಇರೋಕಾಗೋ ಕಾಲೇಜು. ಹೆಸರಿನ ಲೆಕ್ಕ ಇದಾದ್ಮೇಲೆ.

ಒಂದು ವಿಷಯ ಮೊದ್ಲೇ ತಿಳ್ಕೊಳ್ಳಿ, ಪ್ರೀ-ಮೆಡ್ ಅನ್ನೋದು ಡಿಗ್ರಿ ಅಲ್ಲ, ಡಿಗ್ರಿ ಓದ್ತಾನೇ ಮೆಡಿಕಲ್ ಸ್ಕೂಲಿಗೆ ಮಾಡ್ಕೊಳೋ ತಯಾರಿ ಅಷ್ಟೇ. ಬಯಾಲಜಿ, ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಇವನ್ನ ಲ್ಯಾಬ್ ಸಮೇತ ಓದಿ, ಹೆಚ್ಚಿನ ಕಡೆ ಬಯೋಕೆಮಿಸ್ಟ್ರಿನೂ ಮುಗಿಸಿದ್ರೆ, ಡಿಗ್ರಿ ಇತಿಹಾಸದಲ್ಲಿ ಮಾಡಿದ್ರೂ ನಡೆಯುತ್ತೆ ಸಂಗೀತದಲ್ಲಿ ಮಾಡಿದ್ರೂ ನಡೆಯುತ್ತೆ. ಆದ್ರಿಂದ "ಪ್ರೀ-ಮೆಡ್‌ಗೆ ಬೆಸ್ಟ್ ಕಾಲೇಜು" ಅನ್ನೋ ಪಟ್ಟಿಗಳನ್ನ ತುಂಬಾ ನೆಚ್ಕೋಬೇಡಿ.

ಮೊದಲ ಕೆಲಸ: ವೀಸಾ ನೋಡಿ

ಕಾಲೇಜಿನ ಬ್ರೋಷರ್ ತೆಗೆಯೋ ಮುಂಚೆ ಇದನ್ನ ಮಾಡಿ. ಇಲ್ಲೇ ಹುಟ್ಟಿದ ಮಗು, ಅಥವಾ ಗ್ರೀನ್ ಕಾರ್ಡ್ ಬಂದಿದೆ ಅಂದ್ರೆ ಸೀದಾ ಮುಂದಿನ ಹೆಜ್ಜೆಗೆ ಹೋಗಿ. ಆದ್ರೆ ಅಪ್ಪ ಅಥವಾ ಅಮ್ಮ ಎಚ್-1ಬಿ ಕೆಲಸದ ವೀಸಾದಲ್ಲಿ, ಮಗು ಅವ್ರ ಅವಲಂಬಿತರ ಎಚ್-4 ವೀಸಾದಲ್ಲಿ ಅಂದ್ರೆ ವಿಷಯ ಬೇರೆ. ಗ್ರೀನ್ ಕಾರ್ಡ್ ಕ್ಯೂ ಇಂಡಿಯಾದವ್ರಿಗೆ ಎಷ್ಟು ಉದ್ದ ಅಂತ ಹೇಳೋದೇ ಬೇಡ, 21 ತುಂಬಿದ ಕೂಡ್ಲೇ ಎಚ್-4 ಹೋಗುತ್ತೆ, ಮಗು ಎಫ್-1 ಅನ್ನೋ ವಿದ್ಯಾರ್ಥಿ ವೀಸಾಗೆ ಬದಲಾಗ್ಬೇಕಾಗುತ್ತೆ, ಅದೂ ಕಾಲೇಜಿನ ಮೂರನೇ ವರ್ಷದ ಹೊತ್ತಿಗೆ, ಅಂದ್ರೆ ಸರಿಯಾಗಿ ಮೆಡಿಕಲ್ ಅರ್ಜಿ ಹಾಕೋ ಸಮಯಕ್ಕೆ. ಇಲ್ಲಿನ ಬಹಳಷ್ಟು ಮೆಡಿಕಲ್ ಸ್ಕೂಲುಗಳು ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇಲ್ದೋರ ಅರ್ಜಿನೇ ತಗೊಳಲ್ಲ, ತಗೊಳೋ ಕೆಲವು ಕಡೆ ಓದಿನ ಪೂರ್ತಿ ಖರ್ಚಿಗೆ ದುಡ್ಡಿದೆ ಅಂತ ತೋರಿಸಿ ಅಂತಾರೆ, ಫೆಡರಲ್ ಸಾಲ, ಅಂದ್ರೆ ಕೇಂದ್ರ ಸರ್ಕಾರದ ಸಾಲ ಅಂತೂ ಸಿಗೋದೇ ಇಲ್ಲ. ಇದನ್ನ ಮಗುವಿನ ಹತ್ರ ಹದಿನಾರು ಹದಿನೇಳನೇ ವಯಸ್ಸಲ್ಲೇ ಕೂತ್ಕೊಂಡು ಮಾತಾಡಿ, ದಯವಿಟ್ಟು ಮುಚ್ಚಿಡ್ಬೇಡಿ. ನಾಲ್ಕು ವರ್ಷ ಕಷ್ಟಪಟ್ಟು ಓದಿದ್ಮೇಲೆ ಅರ್ಜಿನೇ ಹಾಕೋಕಾಗಲ್ಲ ಅಂತ ಗೊತ್ತಾದ್ರೆ ಆ ಮಗುವಿಗೆ ಎಷ್ಟು ನೋವಾಗುತ್ತೆ ಯೋಚ್ನೆ ಮಾಡಿ. ಮೆಡಿಕಲ್ ಕಾಲೇಜುಗಳ ಒಕ್ಕೂಟ ಎಎಎಂಸಿ ಅಂತ ಇದೆ, ಅವ್ರ ಎಂಸಾರ್ ಡೇಟಾಬೇಸಲ್ಲಿ ಯಾವ ಸ್ಕೂಲು ಯಾವ ವೀಸಾದವ್ರನ್ನ ತಗೊಳುತ್ತೆ ಅಂತ ನೋಡ್ಬಹುದು, ಫೀಸ್ ಇದೆ, ಆದ್ರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಇಂಥಾ ಮಕ್ಕಳಿಗೆ ಕಾಲೇಜು ಆರಿಸುವಾಗ ಮೆಡಿಕಲ್ ಆಗ್ದೇ ಇದ್ರೂ ಕೆಲಸಕ್ಕೆ ಬರೋ ಡಿಗ್ರಿ ಇರ್ಬೇಕು, ಇದೊಂದು ವಿಷಯದಲ್ಲಿ ನಾನು ಗಟ್ಟಿಯಾಗೇ ಹೇಳ್ತೀನಿ.

ಎರಡನೇದು ದುಡ್ಡು

ಹೆಸರುವಾಸಿ ಪ್ರೈವೇಟ್ ಕಾಲೇಜುಗಳಲ್ಲಿ ಫೀಸು, ಊಟ, ವಸತಿ ಎಲ್ಲ ಸೇರಿ ವರ್ಷಕ್ಕೆ 90,000 ಡಾಲರ್ ದಾಟಿರೋದು ಈಗ ಸುಮಾರಿವೆ. ನಿಮ್ಮದೇ ರಾಜ್ಯದ ಸರ್ಕಾರಿ ಯೂನಿವರ್ಸಿಟಿಲಿ ಸಾಮಾನ್ಯವಾಗಿ ಅದ್ರ ಅರ್ಧಕ್ಕಿಂತ ಕಮ್ಮಿಲಿ ಆಗುತ್ತೆ. ಮುಂದೆ ಮೆಡಿಕಲ್ ಸ್ಕೂಲ್ ಖರ್ಚು ಬೇರೆ ಕಾದಿರುತ್ತೆ, ಸಾಲ ಮಾಡಿ ಓದಿದ ಡಾಕ್ಟರುಗಳ ಸಾಲ ಸರಿಸುಮಾರು 2,00,000 ಡಾಲರ್ ಹತ್ರ ಇರುತ್ತೆ. ಇದ್ರ ಮೇಲೆ 2025ರಲ್ಲಿ ಬಂದ ಹೊಸ ಕಾನೂನಲ್ಲಿ, 2026ರ ಜುಲೈ 1ರಿಂದ ಹೊಸದಾಗಿ ಸಾಲ ತಗೊಳೋರಿಗೆ ಗ್ರ್ಯಾಡ್ ಪ್ಲಸ್ ಅನ್ನೋ, ಪೂರ್ತಿ ಖರ್ಚಿಗೂ ಸಿಗ್ತಿದ್ದ ಫೆಡರಲ್ ಸಾಲ ಇಲ್ಲ, ಮೆಡಿಕಲ್ ಓದೋಕೆ ಫೆಡರಲ್ ಸಾಲ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್‌ಗೆ ಮಿತಿ. ಮಿಕ್ಕಿದ್ದಕ್ಕೆ ಪ್ರೈವೇಟ್ ಬ್ಯಾಂಕಿನ ಸಾಲಾನೋ ಅಪ್ಪ-ಅಮ್ಮನ ಉಳಿತಾಯಾನೋ ಬೇಕು. ನ್ಯೂಯಾರ್ಕ್ ಯೂನಿವರ್ಸಿಟಿ (ಎನ್‌ವೈಯು) ಮೆಡಿಕಲ್ ಸ್ಕೂಲ್ 2018ರಿಂದ, ನ್ಯೂಯಾರ್ಕಿನ ಬ್ರಾಂಕ್ಸಲ್ಲಿರೋ ಐನ್‌ಸ್ಟೈನ್ ಮೆಡಿಕಲ್ ಸ್ಕೂಲ್ 2024ರಿಂದ ಟ್ಯೂಷನ್ ಫೀಸೇ ಬೇಡ ಅಂತ ಮಾಡಿವೆ, ಸಂತೋಷ, ಆದ್ರೆ ಅಂಥವು ಬೆರಳೆಣಿಕೆ, ಅದನ್ನ ನಂಬ್ಕೊಂಡು ಪ್ಲ್ಯಾನ್ ಮಾಡೋಕಾಗಲ್ಲ. ಡಿಗ್ರಿಗೆ ಉಳಿಸಿದ ದುಡ್ಡೇ ಮೆಡಿಕಲ್‌ಗೆ ಆಗೋ ದುಡ್ಡು.

ಪ್ರತಿ ಕಾಲೇಜಿನ ವೆಬ್‌ಸೈಟಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರುತ್ತೆ, ಫೆಡರಲ್ ನೆರವು ಪಡೆಯೋ ಕಾಲೇಜುಗಳು ಅದನ್ನ ಇಡ್ಲೇಬೇಕು. ನಿಮ್ಮ ಆದಾಯ ಹಾಕಿ ನೋಡಿ, ಬೋರ್ಡಲ್ಲಿರೋ ಬೆಲೆಗೂ ನೀವು ಕಟ್ಟೋ ಬೆಲೆಗೂ ಕೆಲವೊಮ್ಮೆ ತುಂಬಾ ವ್ಯತ್ಯಾಸ ಇರುತ್ತೆ.

ರಾಜ್ಯದ ಲೆಕ್ಕ ಇನ್ನೊಂದು ಕಡೆಯಿಂದನೂ ಮುಖ್ಯ. ಸರ್ಕಾರಿ ಮೆಡಿಕಲ್ ಸ್ಕೂಲುಗಳು ತಮ್ಮ ರಾಜ್ಯದವ್ರಿಗೆ ಆದ್ಯತೆ ಕೊಡ್ತಾವೆ, ಟೆಕ್ಸಾಸಲ್ಲಂತೂ ಹೊರಗಿನವ್ರು ನೂರಕ್ಕೆ ಹತ್ತು ದಾಟಬಾರ್ದು ಅಂತ ಕಾನೂನೇ ಇದೆ. ಮಗ ಬೇರೆ ರಾಜ್ಯದಲ್ಲಿ ಡಿಗ್ರಿ ಓದಿದ್ರೆ ಇದು ಹೋಗ್ಬಿಡುತ್ತಾ ಅಂತ ಕೆಲವ್ರು ಹೆದರ್ತಾರೆ, ಸಾಮಾನ್ಯವಾಗಿ ಹೋಗಲ್ಲ, ಅಪ್ಪ-ಅಮ್ಮನ ಮೇಲೆ ಅವಲಂಬಿತನಾಗಿರೋವರೆಗೆ ಅಪ್ಪ-ಅಮ್ಮ ಇರೋ ರಾಜ್ಯಾನೇ ಅವನ ರಾಜ್ಯ. ಆದ್ರೆ ಕಾಲೇಜಿನ ನಡುವೆ ನೀವು ಕೆಲಸ ಬದಲಾಯಿಸಿ ಡಲ್ಲಾಸಿಂದ ಸಿಯಾಟಲ್‌ಗೆ ಹೊರಟ್ರೆ ಅದು ಬೇರೆ ಲೆಕ್ಕ, ಹೊರಡೋ ಮುಂಚೆ ಎರಡೂ ರಾಜ್ಯದ ನಿಯಮ ಓದ್ಕೊಳ್ಳಿ.

ಗ್ರೇಡು, ಗ್ರೇಡು, ಗ್ರೇಡು

ಮೆಡಿಕಲ್ ಸೇರಿದವ್ರ ಸರಾಸರಿ ಜಿಪಿಎ, ಅಂದ್ರೆ ಡಿಗ್ರಿಯ ಎಲ್ಲಾ ಗ್ರೇಡುಗಳ ಸರಾಸರಿ ಅಂಕ, ಈಗ 4ಕ್ಕೆ 3.8ರ ಹತ್ರ, ಎಂಕ್ಯಾಟ್ ಸರಾಸರಿ 528ಕ್ಕೆ ಸುಮಾರು 512. ಅರ್ಜಿ ಹಾಕಿದವ್ರಲ್ಲಿ ಅರ್ಧಕ್ಕಿಂತ ಕಮ್ಮಿ ಜನಕ್ಕೆ ಆ ವರ್ಷ ಸೀಟ್ ಸಿಗೋದು. ಆಮ್‌ಕ್ಯಾಸ್ ಅನ್ನೋ ಅರ್ಜಿ ವ್ಯವಸ್ಥೆ ಪ್ರತಿ ಮಾರ್ಕನ್ನೂ ಮತ್ತೆ ಲೆಕ್ಕ ಹಾಕುತ್ತೆ, ಬಯಾಲಜಿ-ಕೆಮಿಸ್ಟ್ರಿ-ಫಿಸಿಕ್ಸ್-ಮ್ಯಾಥ್ಸ್‌ಗೆ ಬೇರೆ ಜಿಪಿಎ ತೆಗೆಯುತ್ತೆ. ಒಂದು ಸಬ್ಜೆಕ್ಟಲ್ಲಿ ಸಿ ಬಂದು, ಮತ್ತೆ ಓದಿ ಎ ತಗೊಂಡ್ರೂ ಎರಡೂ ಲೆಕ್ಕಕ್ಕೆ ಬರುತ್ತೆ. ಹೈಸ್ಕೂಲಲ್ಲಿ ಇದ್ದಾಗ್ಲೇ ಕಮ್ಯುನಿಟಿ ಕಾಲೇಜು ಅನ್ನೋ ಸ್ಥಳೀಯ ಎರಡು ವರ್ಷದ ಕಾಲೇಜಲ್ಲಿ ಕ್ಲಾಸ್ ತಗೊಂಡಿದ್ರೆ ಆ ಗ್ರೇಡೂ ಸೇರುತ್ತೆ, ಇದು ಬಹಳ ಅಪ್ಪ-ಅಮ್ಮಂದಿರಿಗೆ ಗೊತ್ತೇ ಇರಲ್ಲ.

ಕಾಲೇಜಿನ ಹೆಸರಿಗೆ ಬೆಲೆನೇ ಇಲ್ಲ ಅಂತ ಹೇಳ್ತಿಲ್ಲ, ಸ್ವಲ್ಪ ಇದೆ, ಆದ್ರೆ 3.3 ಇರೋ ಮಗೂನ ಎಷ್ಟು ದೊಡ್ಡ ಹೆಸರೂ ಸುಲಭಕ್ಕೆ ದಡ ಸೇರಿಸಲ್ಲ. ಹಾಗಾಗಿ ಕಾಲೇಜು ನೋಡೋಕೆ ಹೋದಾಗ ಟೂರ್ ಮಾಡಿಸೋ ಹುಡುಗನ್ನ ಬಿಟ್ಟು ಬೇರೆ ಎರಡನೇ ವರ್ಷದ ಇಬ್ಬರು ಮೂವರನ್ನ ಹಿಡಿದು ಕೇಳಿ: ಮೊದಲ ವರ್ಷದ ಕೆಮಿಸ್ಟ್ರಿಲಿ ಎಷ್ಟು ಜನ ಕೂತಿರ್ತಾರೆ, ಗ್ರೇಡಿಂಗ್ ಕರ್ವ್ ಮೇಲೆ ಅಂತ ಇಷ್ಟೇ ಜನಕ್ಕೆ ಎ ಕೊಡ್ತಾರಾ, ಲ್ಯಾಬ್ ಸೀಟ್ ಬೇಕಾದಾಗ ಸಿಗುತ್ತಾ, ಟ್ಯೂಟರಿಂಗ್ ಫ್ರೀನಾ, ಡೌಟ್ ಕೇಳೋಕೆ ಅಂತ ಇಟ್ಟಿರೋ ಹೊತ್ತಲ್ಲಿ (ಆಫೀಸ್ ಅವರ್ಸ್) ಪ್ರೊಫೆಸರ್ ನಿಜವಾಗ್ಲೂ ಸಿಗ್ತಾರಾ, ಮಕ್ಕಳು ಒಬ್ರಿಗೊಬ್ರು ನೋಟ್ಸ್ ಕೊಡ್ತಾರಾ ಇಲ್ಲಾ ಬಚ್ಚಿಡ್ತಾರಾ. ಕೊನೇ ಪ್ರಶ್ನೆನ ಸಣ್ಣದು ಅಂದ್ಕೋಬೇಡಿ. ಮನೆಯಿಂದ ದೂರ ಇದ್ದು, ಸುತ್ತ ಇರೋರೆಲ್ಲ ಪೈಪೋಟಿ ಅಂತಲೇ ನೋಡೋ ಜಾಗದಲ್ಲಿ ಹತ್ತೊಂಬತ್ತರ ಮಗು ಕುಗ್ಗಿ ಹೋಗುತ್ತೆ. ಕೌನ್ಸೆಲರ್ ಅಪಾಯಿಂಟ್‌ಮೆಂಟ್ ಎಷ್ಟು ದಿನಕ್ಕೆ ಸಿಗುತ್ತೆ ಅಂತಾನೂ ಕೇಳಿ, ಸಂಕೋಚ ಬೇಡ.

"ನಮ್ಮಲ್ಲಿ ನೂರಕ್ಕೆ 90 ಜನ ಮೆಡಿಕಲ್ ಸೇರ್ತಾರೆ" ಅಂದ್ರೆ?

ಯಾರಲ್ಲಿ ನೂರಕ್ಕೆ 90 ಅಂತ ಕೇಳಿ. ಮೊದಲ ವರ್ಷ ಡಾಕ್ಟರ್ ಆಗ್ಬೇಕು ಅಂತ ಬಂದವ್ರಲ್ಲಾ, ಇಲ್ಲಾ ಕೊನೇಲಿ ಉಳಿದು ಅರ್ಜಿ ಹಾಕಿದವ್ರಲ್ಲಾ? ಕೆಲವು ಕಾಲೇಜುಗಳಲ್ಲಿ ಪ್ರೀ-ಮೆಡ್ ಕಮಿಟಿ ಇರುತ್ತೆ, ಅವ್ರು ಕಾಲೇಜಿನ ಪರವಾಗಿ ಮಗುಗೆ ಒಂದು ಶಿಫಾರಸು ಪತ್ರ ಬರೀತಾರೆ. ಮಾರ್ಕ್ಸ್ ಕಮ್ಮಿ ಇರೋ ಮಕ್ಕಳಿಗೆ ಕೆಲವು ಕಡೆ ಪತ್ರನೇ ಕೊಡಲ್ಲ, ಅವ್ರು ಅರ್ಜಿ ಹಾಕೋದೂ ಇಲ್ಲ, ಶೇಕಡಾವಾರು ತಾನಾಗೇ ಮೇಲೆ ಹೋಗುತ್ತೆ. ಪತ್ರ ಕೊಡೋಕೆ ಕನಿಷ್ಠ ಜಿಪಿಎ ಏನಾದ್ರೂ ಇದ್ಯಾ ಅಂತ ಅಡ್ವೈಸಿಂಗ್ ಆಫೀಸಿಗೆ ಒಂದು ಈಮೇಲ್ ಹಾಕಿ, ಬರೋ ಉತ್ತರದಲ್ಲೇ ಅರ್ಧ ಕಾಲೇಜು ಅರ್ಥ ಆಗುತ್ತೆ.

ಆಸ್ಪತ್ರೆ ಹತ್ರ ಇದೆಯಾ ನೋಡಿ. ಶ್ಯಾಡೋಯಿಂಗ್ ಅಂದ್ರೆ ಡಾಕ್ಟರ್ ಜೊತೆಗಿದ್ದು ಅವ್ರ ಕೆಲಸ ನೋಡೋದು, ರೋಗಿಗಳ ನಡುವೆ ವಾಲಂಟಿಯರ್ ಕೆಲಸ, ಸ್ವಲ್ಪ ರಿಸರ್ಚ್, ಇದೆಲ್ಲ ಇಲ್ದೆ ಬರೀ ಮಾರ್ಕ್ಸ್ ಇಟ್ಕೊಂಡು ಹೋದ್ರೆ ಇಂಟರ್ವ್ಯೂ ಕರೆ ಬರೋದು ಕಷ್ಟ. ಕಾರಿಲ್ದೆ ಬಸ್ಸಲ್ಲೋ ನಡೆದೋ ಹೋಗೋಕಾಗುತ್ತಾ ಅಂತ ಮ್ಯಾಪ್ ತೆಗೆದು ನೋಡಿ, ವಾರವಾರ ಹೋಗ್ಬೇಕಾದ ಜಾಗ ಅದು. ಕ್ಯಾಂಪಸಲ್ಲೇ ದೊಡ್ಡ ಮೆಡಿಕಲ್ ಸ್ಕೂಲ್ ಇದ್ರೆ ಒಳ್ಳೇದೇ, ಆದ್ರೆ ಅಲ್ಲಿ ಅವಕಾಶಕ್ಕೆ ಕಾಯೋರೂ ಜಾಸ್ತಿ ಇರ್ತಾರೆ, ಚಿಕ್ಕ ಊರಿನ ಆಸ್ಪತ್ರೆಲಿ ಬೇಗ ಸೇರಿಸ್ಕೊಂಡು ಹೆಚ್ಚು ಕೆಲಸ ಕಲಿಸೋದೂ ಉಂಟು.

ಇನ್ನು ಹೈಸ್ಕೂಲಿಂದ್ಲೇ ಮೆಡಿಕಲ್ ಸೀಟ್ ಹಿಡಿದಿಡೋ ಬಿಎಸ್-ಎಂಡಿ ಪ್ರೋಗ್ರಾಂಗಳು. ಬ್ರೌನ್ ಯೂನಿವರ್ಸಿಟಿದು ಎಂಟು ವರ್ಷ, ಕ್ಯಾನ್ಸಸ್ ಸಿಟಿಯ ಮಿಸೌರಿ ಯೂನಿವರ್ಸಿಟಿದು ಆರು ವರ್ಷ, ಹೀಗೆ ಒಂದೊಂದು ಒಂದೊಂದು ಥರ. ನಮ್ಮವ್ರಿಗೆ ಇದು ಊರಿನ ಪದ್ಧತಿ ಥರ ಕಾಣೋದ್ರಿಂದ ತುಂಬಾ ಇಷ್ಟ ಆಗುತ್ತೆ. ಸೀಟು ಬಹಳ ಕಮ್ಮಿ. ನಡುವೆ ಎಷ್ಟು ಜಿಪಿಎ ಉಳಿಸ್ಕೋಬೇಕು, ಎಂಕ್ಯಾಟ್ ಬರೀಬೇಕಾ, ಬೇರೆ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕಿದ್ರೆ ಈ ಸೀಟ್ ಹೋಗುತ್ತಾ, ಈ ಮೂರನ್ನ ಬರಹದಲ್ಲಿ ಕೇಳಿ. ಮತ್ತೆ ಮಗುಗೆ ನಿಜವಾಗ್ಲೂ ಬೇಕಾ, ನಿಮಗೆ ಬೇಕಾ, ಅದನ್ನೂ ಕೇಳಿ. ಡಾಕ್ಟರ್ ಆಗ್ತೀನಿ ಅಂತ ಹೋದ ಎಷ್ಟೋ ಮಕ್ಕಳು ಎರಡನೇ ವರ್ಷಕ್ಕೆ ಮನಸ್ಸು ಬದಲಾಯಿಸ್ತಾರೆ, ಅದ್ರಲ್ಲಿ ತಪ್ಪೇನಿಲ್ಲ, ಮೇಜರ್, ಅಂದ್ರೆ ಡಿಗ್ರಿಯ ಮುಖ್ಯ ವಿಷಯ ಬದಲಾಯಿಸೋಕೆ ಸುಲಭ ಇರೋ ಕಾಲೇಜಾದ್ರೆ ಒಂದು ವರ್ಷ ದಂಡ ಆಗಲ್ಲ.

ಸಮಯದ ಲೆಕ್ಕನೂ ಮನೆಯವ್ರಿಗೆ ಮೊದ್ಲೇ ಹೇಳಿ. ಡಿಗ್ರಿ ಮುಗಿದ ವರ್ಷಾನೇ ಮೆಡಿಕಲ್ ಸೇರ್ಬೇಕಂದ್ರೆ ಮೂರನೇ ವರ್ಷ ಮುಗಿಯೋ ಹೊತ್ತಿಗೆ, ಮೇ ಕೊನೆ ಜೂನ್ ಹೊತ್ತಿಗೆ ಅರ್ಜಿ ಹೋಗಿರ್ಬೇಕು, ಅಂದ್ರೆ ಅವ್ರು ನೋಡೋದು ಮೂರು ವರ್ಷದ ಗ್ರೇಡ್ ಮಾತ್ರ. ಮೆಡಿಕಲ್ ಸೇರೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈಗ ಒಂದೆರಡು ವರ್ಷ ಕೆಲಸನೋ ರಿಸರ್ಚೋ ಮಾಡಿ ಆಮೇಲೇ ಸೇರ್ತಾರೆ. ಊರಿಂದ ಫೋನ್ ಮಾಡಿ "ಯಾಕೆ ಇನ್ನೂ ಸೀಟ್ ಆಗಿಲ್ವಾ ಪುಟ್ಟಿ" ಅಂತ ಕೇಳೋ ಅಜ್ಜಿ-ತಾತಂಗೆ ಇದು ಫೇಲ್ ಆಗಿರೋದಲ್ಲ ಅಂತ ನೀವೇ ಬಿಡಿಸಿ ಹೇಳಿ, ಆ ಭಾರ ಮಗುವಿನ ಮೇಲೆ ಹಾಕ್ಬೇಡಿ.

ಆಫರ್‌ಗಳೆಲ್ಲ ಬಂದ್ಮೇಲೆ ತೀರ್ಮಾನಕ್ಕೆ ಸಾಮಾನ್ಯವಾಗಿ ಮೇ 1 ಕೊನೇ ದಿನ. ಅಷ್ಟರೊಳಗೆ ಉಳಿದಿರೋ ಎರಡು ಮೂರು ಕಾಲೇಜಲ್ಲಿ ಮಗೂನ ಒಂದು ಕೆಮಿಸ್ಟ್ರಿ ಕ್ಲಾಸಲ್ಲಿ ಕೂರಿಸಿ, ಹಾಸ್ಟೆಲ್ ಊಟ ಮಾಡಿಸಿ, ಸಸ್ಯಾಹಾರ ತಿನ್ನೋ ಮಗು ಆದ್ರೆ ಅದು ಇನ್ನೂ ಮುಖ್ಯ. ಮಗುಗೆ ಇಷ್ಟ ಆದ ಕಾಲೇಜು ದುಡ್ಡಿನ ವಿಷಯದಲ್ಲಿ ಸ್ವಲ್ಪ ಮೇಲಿದ್ರೆ, ಅದೇ ಮಟ್ಟದ ಇನ್ನೊಂದು ಕಾಲೇಜು ಕೊಟ್ಟಿರೋ ಸ್ಕಾಲರ್‌ಶಿಪ್ ಪತ್ರ ಜೊತೆಗಿಟ್ಟು ಫೈನಾನ್ಶಿಯಲ್ ಏಡ್ ಆಫೀಸಿಗೆ ಮರುಪರಿಶೀಲನೆ ಮಾಡಿ ಅಂತ ವಿನಯವಾಗಿ ಬರೀರಿ. ಡೆಪಾಸಿಟ್ ಕಟ್ಟೋ ಮುಂಚೆನೇ ಬರೀಬೇಕು, ಕಟ್ಟಿದ್ಮೇಲೆ ಕೇಳಿದ್ರೆ ಅವ್ರಿಗೆ ಹೆಚ್ಚು ಕೊಡೋಕೆ ಕಾರಣ ಇರಲ್ಲ.