ಪಟ್ಟಿ ಗ್ಯಾಲಕ್ಸಿಯ ನಟ್ಟನಡುವೆ ಏನಿದೆ? ಫೋಟೊದಲ್ಲೇ ಗುರುತಿಸುವುದು ಹೀಗೆ

ಸುರುಳಿ ಗ್ಯಾಲಕ್ಸಿಗಳಲ್ಲಿ ಮೂರರಲ್ಲಿ ಸುಮಾರು ಎರಡಕ್ಕೆ ನಡುವೆ ನಕ್ಷತ್ರಗಳದ್ದೇ ಒಂದು ಉದ್ದ ಪಟ್ಟಿ ಇರುತ್ತದೆ. ನಮ್ಮ ಕ್ಷೀರಪಥಕ್ಕೂ ಇದೆ. ಫೋಟೊ ಸಿಕ್ಕರೆ ಎಲ್ಲರೂ ತೋಳುಗಳನ್ನೇ ನೋಡುತ್ತಾರೆ, ನಡುವಿನದು ಬರೀ ಬಿಳಿ ಉಂಡೆ ಅಂದುಕೊಂಡು ಬಿಟ್ಟುಬಿಡುತ್ತಾರೆ. ಆದರೆ ಹೊರಗಿನ ಅನಿಲ ಬಂದು ಸೇರುವುದು, ಹೊಸ ನಕ್ಷತ್ರಗಳು ದಂಡಿಯಾಗಿ ಹುಟ್ಟುವುದು ಆ ಉಂಡೆಯೊಳಗೇ.

ಮೊದಲು ಒಳ್ಳೆಯ ಫೋಟೊ ಆರಿಸಿ. ಎನ್‌ಜಿಸಿ 1300 ಮತ್ತು ಎನ್‌ಜಿಸಿ 1097 ಗ್ಯಾಲಕ್ಸಿಗಳು ಕಲಿಯುವವರಿಗೆ ಹೇಳಿ ಮಾಡಿಸಿದಂತಿವೆ (ಎನ್‌ಜಿಸಿ ಎನ್ನುವುದು ಆಕಾಶಕಾಯಗಳ ಒಂದು ಕ್ಯಾಟಲಾಗ್, ಮುಂದಿನದು ಅದರಲ್ಲಿನ ಸಂಖ್ಯೆ). ಹಬಲ್ ಟೆಲಿಸ್ಕೋಪ್‌ನ ವೆಬ್‌ಸೈಟ್‌ನಲ್ಲಿ ದೊಡ್ಡ ಫೈಲ್ ಉಚಿತವಾಗಿ ಸಿಗುತ್ತದೆ, ಅದನ್ನೇ ಇಳಿಸಿಕೊಳ್ಳಿ. ನಡುಭಾಗ ಪೂರ್ತಿ ಬಿಳಿಯಾಗಿ ಸುಟ್ಟಂತಿದ್ದರೆ ಆ ಫೋಟೊ ಬೇಡ. ಬೆಳಕು ಎಷ್ಟು ತಗ್ಗಿಸಿದರೂ ಅಲ್ಲಿ ಏನೂ ಕಾಣಿಸುವುದಿಲ್ಲ.

ಈಗ ಪಟ್ಟಿಯ ಉದ್ದಕ್ಕೂ ಇರುವ ಕಪ್ಪು ದೂಳಿನ ಗೆರೆಗಳನ್ನು ಹುಡುಕಿ. ನಡುಭಾಗದ ಆ ಕಡೆ ಒಂದು, ಈ ಕಡೆ ಒಂದು ಇರುತ್ತವೆ. ಅವು ಪಟ್ಟಿಯ ಮಧ್ಯದಲ್ಲಿ ಹಾದುಹೋಗುವುದಿಲ್ಲ, ತಿರುಗುವಾಗ ಮುಂದಾಗುವ ಅಂಚಿನ ಕಡೆಗೆ ಇರುತ್ತವೆ. ತಿರುಗುವ ದಿಕ್ಕು ಗೊತ್ತಾಗುವುದು ಹೇಗೆ? ತೋಳುಗಳು ಸಾಮಾನ್ಯವಾಗಿ ಹಿಂದೆ ಎಳೆದುಕೊಂಡು ಬರುತ್ತವೆ, ಹಾಗಾಗಿ ಅವುಗಳ ತುದಿ ಯಾವ ಕಡೆಗಿದೆಯೋ ಅದರ ಎದುರು ದಿಕ್ಕಿಗೆ ಗ್ಯಾಲಕ್ಸಿ ತಿರುಗುತ್ತಿದೆ ಅಂತ ಲೆಕ್ಕ. ಈ ಗೆರೆಗಳಲ್ಲಿ ಅನಿಲ ಒಂದಕ್ಕೊಂದು ಜೋರಾಗಿ ಡಿಕ್ಕಿ ಹೊಡೆಯುತ್ತದೆ, ಸುತ್ತುವ ಬಿರುಸು ಕಳೆದುಕೊಳ್ಳುತ್ತದೆ, ಆಮೇಲೆ ಒಳಕ್ಕೆ ಜಾರುತ್ತದೆ.

ಆ ಗೆರೆಯ ಮೇಲೇ ಕಣ್ಣಿಟ್ಟು ಒಳಗೆ ಹೋಗಿ. ಎನ್‌ಜಿಸಿ 1097ರಲ್ಲಿ ಅದು ನೇರವಾಗಿ ಒಂದು ಹೊಳೆಯುವ ಉಂಗುರಕ್ಕೆ ತಲುಪಿಸುತ್ತದೆ. ಅಡ್ಡಳತೆ ಸುಮಾರು 5,000 ಜ್ಯೋತಿರ್ವರ್ಷ. ಜಾರಿ ಬಂದ ಅನಿಲ ಅಲ್ಲಿ ತಡೆದು ನಿಲ್ಲುತ್ತದೆ, ಯಾಕೆಂದರೆ ಒಳಗಿನ ಕಕ್ಷೆಗಳು ಪಟ್ಟಿಗೆ ಅಡ್ಡಲಾಗಿ ತಿರುಗಿಕೊಳ್ಳುತ್ತವೆ. ಇದು ಒಳ ಲಿಂಡ್‌ಬ್ಲಾಡ್ ಅನುರಣನೆಗೆ ಸಂಬಂಧಿಸಿದ ಜಾಗ, ಅಂದರೆ ಕಕ್ಷೆಯಲ್ಲಿ ಸುತ್ತುವ ಲಯಕ್ಕೂ ಪಟ್ಟಿ ತಿರುಗುವ ಲಯಕ್ಕೂ ತಾಳ ಕೂಡುವ ಕಡೆ. ಅನಿಲ ಜಾಸ್ತಿ ಸೇರಿದಲ್ಲಿ ನಕ್ಷತ್ರಗಳೂ ಜಾಸ್ತಿ ಹುಟ್ಟುತ್ತವೆ, ಅಲ್ವಾ? ಉಂಗುರದಲ್ಲಿ ಮಣಿಗಳಂತೆ ಕಾಣುವುದು ಎಳೆಯ ನಕ್ಷತ್ರಗಳ ಗುಂಪುಗಳು.

ಉಂಗುರದ ಒಳಗನ್ನು ನೋಡಲು ಸ್ವಲ್ಪ ಕೈಕೆಲಸ ಬೇಕು. ಫೋಟೊ ತಿದ್ದುವ ಉಚಿತ ತಂತ್ರಾಂಶ ಜಿಂಪ್ ತೆರೆದು ಫೋಟೊದ ಪದರವನ್ನು (ಲೇಯರ್) ನಕಲು ಮಾಡಿ, ಮೇಲಿನ ನಕಲಿಗೆ ಗಾಸಿಯನ್ ಬ್ಲರ್ ಕೊಟ್ಟು ಮಸುಕಾಗಿಸಿ, ಆಮೇಲೆ ಆ ಪದರದ 'ಮೋಡ್' ಆಯ್ಕೆಯನ್ನು 'ಗ್ರೇನ್ ಎಕ್ಸ್‌ಟ್ರಾಕ್ಟ್'ಗೆ ಬದಲಿಸಿ. ನಯವಾದ ಬೆಳಕೆಲ್ಲ ಬೂದು ಬಣ್ಣಕ್ಕೆ ತಿರುಗಿ, ಸಣ್ಣ ಗೆರೆ ಚುಕ್ಕೆಗಳಷ್ಟೇ ಎದ್ದು ಕಾಣುತ್ತವೆ. ಬ್ಲರ್ ಎಷ್ಟಿರಬೇಕು ಎನ್ನುವುದಕ್ಕೆ ನಿಯಮವಿಲ್ಲ, ಹೆಚ್ಚುಕಡಿಮೆ ಮಾಡುತ್ತ ನೋಡಿ. ಎನ್‌ಜಿಸಿ 1300ರಲ್ಲಿ ಹೀಗೆ ಮಾಡಿದರೆ ನಡುವೆ ಇನ್ನೊಂದು ಪುಟ್ಟ ಸುರುಳಿಯೇ ಬಿಡಿಬಿಡಿಯಾಗಿ ಕಾಣಿಸುತ್ತದೆ, ಸುಮಾರು 3,300 ಜ್ಯೋತಿರ್ವರ್ಷದಷ್ಟು ದೊಡ್ಡದು. ಗ್ಯಾಲಕ್ಸಿಯೊಳಗೆ ಗ್ಯಾಲಕ್ಸಿ! ನನಗಂತೂ ಇದಕ್ಕಿಂತ ಚಂದದ್ದು ಇನ್ನೊಂದಿಲ್ಲ.

ಕೆಲವು ಕಡೆ ಸುರುಳಿಯ ಬದಲು ಮರಿ ಪಟ್ಟಿ ಇರುತ್ತದೆ, ಉದಾಹರಣೆಗೆ ಎನ್‌ಜಿಸಿ 1291. ದೊಡ್ಡ ಪಟ್ಟಿಗೂ ಇದಕ್ಕೂ ನಡುವಿನ ಕೋನ ಒಂದೊಂದರಲ್ಲಿ ಒಂದೊಂದು ಥರ. ಇಲ್ಲಿ ಅವಸರ ಬೇಡ: ಓರೆಯಾಗಿ ಕಾಣುವ ದುಂಡನೆಯ ತಟ್ಟೆಯೂ ಉದ್ದವಾಗಿಯೇ ಕಾಣುತ್ತದೆ. ಅದರ ಉದ್ದವು ಇಡೀ ಗ್ಯಾಲಕ್ಸಿ ಉದ್ದವಾಗಿ ಕಾಣುವ ದಿಕ್ಕಿಗೇ ಹೊಂದಿಕೊಂಡಿದ್ದರೆ ಅನುಮಾನಪಡಿ. ಇನ್‌ಫ್ರಾರೆಡ್ ಫೋಟೊ ಸಿಕ್ಕರೆ ಅದನ್ನೂ ನೋಡಿ, ಅದರಲ್ಲಿ ದೂಳಿನ ಅಡ್ಡಿ ಕಡಿಮೆ.

ಅಂಚಿನ ಕಡೆಯಿಂದ ಕಾಣುವ ಗ್ಯಾಲಕ್ಸಿಯಾದರೆ ಉಂಗುರ ಹುಡುಕಬೇಡಿ, ನಡುವಿನ ಉಬ್ಬಿನ ಆಕಾರ ನೋಡಿ. ಎನ್‌ಜಿಸಿ 128ರಲ್ಲಿ ಇರುವಂತೆ ಕಡಲೆಕಾಯಿಯ ಆಕಾರ ಕಂಡರೆ, ಅದು ಮೇಲಕ್ಕೂ ಕೆಳಕ್ಕೂ ದಪ್ಪಗಾದ ಪಟ್ಟಿಯ ಗುರುತು.