ರೋಲಿಂಗ್ ಶಟರ್: ತುಕ್ಕು ಬಿಡಿಸಿ, ಆಮೇಲೆ ಬಣ್ಣ

ಮಳೆಗಾಲ ಮುಗಿದ ಮೇಲೆ ಮನೆಯ ಗ್ಯಾರೇಜಿನದೋ ಅಂಗಡಿಯದೋ ಶಟರ್ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿ. ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮೇಲಿನ ಪಟ್ಟಿಗಳು ವರ್ಷಗಟ್ಟಲೆ ಗಟ್ಟಿಯಾಗಿಯೇ ಇರುತ್ತವೆ, ಶಟರ್ ಹಾಳಾಗುವುದು ಕೆಳಗಿನಿಂದ. ನೆಲಕ್ಕೆ ಬಿದ್ದು ಚಿಮ್ಮುವ ಮಳೆನೀರು, ಬೆಳಿಗ್ಗೆ ಬಾಗಿಲಿಗೆ ಹಾಕುವ ನೀರು, ಕಲ್ಲಿನ ಕಲೆ ಹೋಗಲೆಂದು ಸುರಿಯುವ ಆ್ಯಸಿಡ್, ಕಾಲೆತ್ತುವ ಬೀದಿನಾಯಿ, ಆಯುಧಪೂಜೆಯಲ್ಲಿ ಒಡೆದ ಬೂದುಗುಂಬಳದ ರಸ, ಇವೆಲ್ಲ ತಗಲುವುದು ನೆಲದಿಂದ ಒಂದೂವರೆ ಅಡಿಯೊಳಗಿನ ಐದಾರು ಪಟ್ಟಿಗಳಿಗೆ.

ಅಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ ಹೆಬ್ಬೆರಳ ಉಗುರಿನಿಂದ ಒತ್ತಿ. ಸಿಪ್ಪೆ ಒಡೆದು ಒಳಗಿನಿಂದ ಕಂದು ಪುಡಿ ಉದುರುತ್ತದೆ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ. ಹಾಗೆ ಹಿಗ್ಗಿದ ತುಕ್ಕೇ ಮೇಲಿನ ಬಣ್ಣವನ್ನು ಎಬ್ಬಿಸಿರುವುದು. ಅದರ ಮೇಲೆಯೇ ಇನ್ನೊಂದು ಕೋಟ್ ಬಳಿದರೆ ಅದೂ ಹೀಗೆಯೇ ಏಳುತ್ತದೆ. ಪೇಂಟರ್ ಬಂದ ದಿನವೇ ಬಣ್ಣದ ಡಬ್ಬ ತೆರೆದರೆ ಅವರನ್ನು ತಡೆಯಿರಿ. ಈ ಕೆಲಸದ ಮುಕ್ಕಾಲು ಪಾಲು ಡಬ್ಬ ತೆರೆಯುವ ಮೊದಲೇ ಮುಗಿಯಬೇಕು.

ಯಾವಾಗ ಮಾಡಬೇಕು

ಬಹಳ ಅಂಗಡಿಯವರು ದಸರೆಗೆ ಮುಂಚೆ ಶಟರ್‌ಗೆ ಬಣ್ಣ ಹೊಡೆಸುತ್ತಾರೆ. ಹಬ್ಬಕ್ಕೆ ಅದು ಚೆಂದ, ಕಬ್ಬಿಣಕ್ಕೆ ಒಳ್ಳೆಯ ಕಾಲವಲ್ಲ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಜೋರು ಮಳೆಯ ತಿಂಗಳುಗಳು. ಕರಾವಳಿಯಲ್ಲಿ ಆಗಿನ್ನೂ ಗಾಳಿಯ ತೇವ ಇಳಿದಿರುವುದಿಲ್ಲ. ಗಾಳಿಯಲ್ಲಿ ತೇವಾಂಶ ಶೇ 85 ದಾಟಿದ್ದರೆ ಬಣ್ಣ ಹಚ್ಚದಿರುವುದೇ ಲೇಸು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಎಲ್ಲ ಕಡೆಗೂ ಹೊಂದುತ್ತದೆ. ಮಲೆನಾಡಿನವರು ಬೆಳಗಿನ ಮಂಜು ಪೂರ್ತಿ ಆರಿದ ಮೇಲೆ, ಹತ್ತು ಗಂಟೆಯ ನಂತರ ಶುರುಮಾಡಿ ಮಧ್ಯಾಹ್ನ ಮೂರರೊಳಗೆ ಮುಗಿಸಿದರೆ ಸಂಜೆಯ ತಂಪು ಏರುವ ಮುನ್ನ ಬಣ್ಣ ಹಿಡಿದಿರುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಶಟರ್‌ಗೆ ಸುಡುಬಿಸಿಲಲ್ಲಿ ಹಚ್ಚಬೇಡಿ. ಕಾದ ತಗಡಿನ ಮೇಲೆ ಬಣ್ಣದ ಮೇಲ್ಪದರ ಬೇಗ ಒಣಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ.

ಮುಟ್ಟಬಾರದ್ದು ಯಾವುದು

ಶಟರ್‌ನ ಮೇಲಿನ ಪೆಟ್ಟಿಗೆಯೊಳಗೆ ಒಂದು ಕಬ್ಬಿಣದ ಪೈಪ್ ಇದೆ. ಅದರ ಮೇಲೆ ಕೂತ ಸುರುಳಿ ಸ್ಪ್ರಿಂಗ್‌ಗಳೇ ಶಟರ್‌ನ ಭಾರ ಹೊರುವುದು. ಶಟರ್ ಇಳಿದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತದೆ, ಪೂರ್ತಿ ಮುಚ್ಚಿದಾಗ ಬಿಗಿ ಅತ್ಯಂತ ಹೆಚ್ಚು. ನಾವು ಬಣ್ಣ ಹಚ್ಚುವುದೂ ಮುಚ್ಚಿದ ಶಟರ್‌ಗೇ. ಆದ್ದರಿಂದ ಪೈಪನ್ನು ಬ್ರಾಕೆಟ್‌ಗೆ ಹಿಡಿದಿರುವ ಕ್ಲಾಂಪು, ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಲೇಬೇಡಿ. ಬೋಲ್ಟ್ ತುಕ್ಕು ಹಿಡಿದಿದೆ, ಬಿಚ್ಚಿ ಸ್ವಚ್ಛ ಮಾಡೋಣ ಎಂದು ಸಡಿಲಿಸಿದರೆ ಪೈಪ್ ಗಿರ್ರನೆ ತಿರುಗಿ ಕೈಯನ್ನೇ ಮುರಿಯಬಹುದು. ಸ್ಪ್ರಿಂಗ್ ಕೆಲಸ ಶಟರ್ ರಿಪೇರಿಯವರದು, ಎಷ್ಟೇ ಕೈಚಳಕ ಇದ್ದರೂ ನಮ್ಮದಲ್ಲ.

ಸ್ಪ್ರಿಂಗ್ ಹೇಗಿದೆ ಎಂದು ಪರೀಕ್ಷೆ ಮಾತ್ರ ನೀವೇ ಮಾಡಬಹುದು. ಮಕ್ಕಳನ್ನು ದೂರ ಕಳಿಸಿ, ಶಟರನ್ನು ಸೊಂಟದ ಮಟ್ಟಕ್ಕೆ ಎತ್ತಿ, ಪಾದ ಹಿಂದಕ್ಕಿಟ್ಟು, ಹಿಡಿತವನ್ನು ನಿಧಾನವಾಗಿ ಸಡಿಲಿಸಿ. ನಿಂತಲ್ಲೇ ನಿಂತರೆ ಸರಿ. ತಾನಾಗಿ ಜಾರಿ ಬಂದರೆ ಸ್ಪ್ರಿಂಗ್ ಸೋತಿದೆ, ಕೈ ಬಿಟ್ಟೊಡನೆ ಮೇಲಕ್ಕೆ ಹಾರಿದರೆ ಅತಿಯಾಗಿ ಬಿಗಿದಿದೆ. ಎರಡರಲ್ಲಿ ಯಾವುದಾದರೂ ಮೊದಲು ರಿಪೇರಿ, ಆಮೇಲೆ ಬಣ್ಣ. ತಾನಾಗಿ ಜಾರುವ ಶಟರ್ ಕೆಳಗೆ ಒಂದು ದಿನವೂ ಓಡಾಡಬಾರದು.

ಇನ್ನೊಂದು ಕರೆಂಟ್. ಬೋರ್ಡಿನ ದೀಪದ ವೈರು, ಗಂಟೆ ಸ್ವಿಚ್ಚಿನ ವೈರು ಶಟರ್ ಪೆಟ್ಟಿಗೆಗೆ ಉಜ್ಜಿಕೊಂಡೇ ಹೋಗಿರುವುದನ್ನು ಎಲ್ಲ ಊರಿನ ಪೇಟೆಬೀದಿಯಲ್ಲೂ ಕಾಣಬಹುದು. ವೈರಿನ ಸಿಪ್ಪೆ ಸವೆದರೆ ಇಡೀ ಶಟರ್‌ಗೆ ಕರೆಂಟ್ ಹರಿಯುತ್ತದೆ. ಒದ್ದೆ ಬಟ್ಟೆ ಹಿಡಿಯುವ ಮೊದಲು ಟೆಸ್ಟರ್ ಇಟ್ಟು ನೋಡಿ, ಆ ಭಾಗದ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ. ಮೋಟಾರ್ ಶಟರ್ ಆದರೆ ರಿಮೋಟ್ ಎತ್ತಿಟ್ಟರೆ ಸಾಲದು, ಮೋಟಾರಿನ ಎಂಸಿಬಿಯನ್ನೇ ಇಳಿಸಬೇಕು. ನೀವು ಒಳಗೆ ಬ್ರಷ್ ಹಿಡಿದಿರುವಾಗ ಹೊರಗಿನಿಂದ ಯಾರೋ ಗುಂಡಿ ಒತ್ತುವ ಸಂದರ್ಭವೇ ಇರಬಾರದು.

ತೊಳೆಯುವುದು, ಕೆರೆಯುವುದು

ಶಟರ್ ಮುಚ್ಚಿ, ಏಣಿ ಹಾಕಿ ಪೆಟ್ಟಿಗೆಯ ದೂಳು ಗುಡಿಸಿ. ಕಣಜ ಗೂಡು ಕಟ್ಟಿರುವುದು ಸಾಮಾನ್ಯ, ನೋಡಿಕೊಂಡು ಕೈ ಹಾಕಿ. ಪಟ್ಟಿಗಳ ತುದಿ ಜಾರುವ ಪಕ್ಕದ ಗೈಡ್ ಚಾನಲ್‌ನ ಕೊಳೆಯನ್ನು ಒಣ ಬ್ರಷ್‌ನಿಂದಲೇ ತೆಗೆಯಿರಿ.

ಮುಂದಿನದರಲ್ಲಿ ಕ್ರಮ ಮುಖ್ಯ. ಮೊದಲು ಜಿಡ್ಡು, ಆಮೇಲೆ ಎಮೆರಿ ಪೇಪರ್. ಗ್ರೀಸ್ ಇರುವ ಕಡೆ ನೇರವಾಗಿ ಉಜ್ಜಿದರೆ ಜಿಡ್ಡು ಗೀರುಗಳೊಳಗೆ ಇಳಿದು ಅಲ್ಲಿ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ಅಡಿಪದರ) ಹಿಡಿಯುವುದೇ ಇಲ್ಲ. ಹಳೆ ಗ್ರೀಸನ್ನು ಕಾಟನ್ ವೇಸ್ಟಿಗೆ ಸ್ವಲ್ಪ ಟರ್ಪೆಂಟೈನ್ ಹಾಕಿ ಒರೆಸಿ, ನಂತರ ಪಾತ್ರೆ ತೊಳೆಯುವ ಸೋಪಿನ ನೀರಿನಿಂದ ಇಡೀ ಶಟರ್ ತೊಳೆಯಿರಿ. ಮಂಗಳೂರು, ಕುಂದಾಪುರ, ಕಾರವಾರದ ಕಡೆಯವರು ಸಿಹಿನೀರಿನಿಂದ ಇನ್ನೂ ಎರಡು ಸಲ ತೊಳೆದರೆ ಒಳ್ಳೆಯದು. ಕಡಲಗಾಳಿ ತಂದ ಉಪ್ಪು ಬಣ್ಣದ ಅಡಿ ಉಳಿದರೆ ತೇವವನ್ನು ಎಳೆಯುತ್ತಲೇ ಇರುತ್ತದೆ, ಗುಳ್ಳೆಗಳು ಏಳುವುದು ಅಲ್ಲಿಂದಲೇ.

ಒಣಗಿದ ಮೇಲೆ ಸಡಿಲ ಬಣ್ಣವನ್ನು ಪುಟ್ಟಿ ಕತ್ತಿಯಿಂದ ಕೆರೆದು, ತುಕ್ಕಿಗೆ ತಂತಿ ಬ್ರಷ್ ಹಾಕಿ. ಎರಡು ಪಟ್ಟಿಗಳು ಒಂದಕ್ಕೊಂದು ಕೊಂಡಿಯಂತೆ ಸಿಕ್ಕಿಕೊಂಡಿರುವ ಜಾಗವೇ ಕಷ್ಟದ್ದು. ಆ ಮಡಿಕೆಯಲ್ಲಿ ನೀರು ನಿಲ್ಲುತ್ತದೆ, ತುಕ್ಕು ಶುರುವಾಗುವುದೂ ಅಲ್ಲೇ. ಹಳೆಯ ಟೂತ್‌ಬ್ರಷ್ ಗಾತ್ರದ ತಂತಿ ಬ್ರಷ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಮಡಿಕೆಗೆ ಅದನ್ನೇ ಬಳಸಿ. ಗ್ರೈಂಡರ್‌ಗೆ ತಂತಿ ಕಪ್ ಹಾಕಿ ಉಜ್ಜಿದರೆ ಕೆಲಸವೇನೋ ಬೇಗ ಆಗುತ್ತದೆ. ಆದರೆ ಪಟ್ಟಿಯ ತಗಡು ಇರುವುದೇ ಹೆಚ್ಚೂಕಡಿಮೆ ಒಂದು ಮಿಲಿಮೀಟರ್ ದಪ್ಪ, ಅದರಲ್ಲೂ ತುಕ್ಕು ಅರ್ಧ ತಿಂದಿರುತ್ತದೆ. ಗ್ರೈಂಡರ್‌ನಿಂದ ತಂತಿ ತುಂಡುಗಳು ಕಿತ್ತು ಹಾರುವುದೂ ಇದೆ. ಕನ್ನಡಕ, ಕೈಗವಸು ಇಲ್ಲದೆ, ಪಂಚೆ ಅಥವಾ ದುಪಟ್ಟಾ ಜೋತಾಡುತ್ತಾ ಈ ಕೆಲಸಕ್ಕೆ ಇಳಿಯಬಾರದು.

ಹಳೆ ಶಟರ್ ಆದರೆ ಸೀಸದ ಎಚ್ಚರ ಬೇಕು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎನಾಮೆಲ್‌ನಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ ಸೀಸ ಇದ್ದಿರಬಹುದು. ಅದರ ದೂಳು ಮಕ್ಕಳ ಮಿದುಳಿಗೆ ವಿಷ. ಅಂಥ ಬಣ್ಣವನ್ನು ಒಣಗಿಸಿ ಉಜ್ಜಬೇಡಿ, ಗ್ರೈಂಡರ್ ಹಾಕಬೇಡಿ, ಸುಡಲೂಬೇಡಿ. ವಾಟರ್ ಪೇಪರ್ ತಂದು ನೀರು ಹಾಕುತ್ತಾ ಉಜ್ಜಿ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಬಿದ್ದ ಕೆಸರನ್ನು ಹಾಳೆ ಸಮೇತ ಸುತ್ತಿ ತೆಗೆಯಿರಿ. ಎನ್95 ಮಾಸ್ಕ್ ಹಾಕಿ. ಕೆಲಸದ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳಬೇಡಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಎಷ್ಟು ಕೆರೆದರೂ ಗುಳಿಗಳಲ್ಲಿ ಕಪ್ಪು ತುಕ್ಕು ಉಳಿಯುತ್ತದೆ. ಅದಕ್ಕೆ ರಸ್ಟ್ ಕನ್ವರ್ಟರ್ ಹಚ್ಚಿ. ಇವುಗಳಲ್ಲಿ ಹಲವು ಟ್ಯಾನಿಕ್ ಆಮ್ಲದವು, ನಮ್ಮ ಅಳಲೆಕಾಯಿಯ ಒಗರಿನಲ್ಲಿರುವ ಟ್ಯಾನಿನ್ ಜಾತಿಯದೇ. ಅದು ತುಕ್ಕಿನೊಡನೆ ಕೂಡಿ ಗಟ್ಟಿಯಾದ ಕರಿನೀಲಿ ಪದರವಾಗುತ್ತದೆ. ಸಡಿಲ ತುಕ್ಕಿನ ಮೇಲೆ ಮಾತ್ರ ಇದರಿಂದ ಪ್ರಯೋಜನವಿಲ್ಲ.

ಸ್ಕ್ರೂಡ್ರೈವರ್ ಹಿಡಿಯಿಂದ ಕೆಳಪಟ್ಟಿಗಳನ್ನು ತಟ್ಟಿ ನೋಡಿ. ಟಣ್ ಎನ್ನುವ ಬದಲು ಮಂದವಾಗಿ ಸದ್ದಾದರೆ, ತೂತು ಕಂಡರೆ, ಆ ಪಟ್ಟಿ ಬದಲಿಸುವುದೇ ಸರಿ. ಪುಟ್ಟಿ ತುಂಬಿದರೆ ಶಟರ್ ಸುತ್ತಿಕೊಳ್ಳುವಾಗಿನ ಅಲುಗಾಟಕ್ಕೆ ಅದು ಬಿರುಕುಬಿಡುತ್ತದೆ. ಪಟ್ಟಿಗಳನ್ನು ಪಕ್ಕಕ್ಕೆ ಜಾರಿಸಿ ತೆಗೆದು ಹೊಸದನ್ನು ಜಾರಿಸಬಹುದು. ಶಟರ್ ರಿಪೇರಿಯವರು ಇದನ್ನು ಮಾಡಿಕೊಡುತ್ತಾರೆ, ಇಡೀ ಶಟರ್ ಬದಲಿಸಬೇಕಿಲ್ಲ.

ಪ್ರೈಮರ್

ಶಟರ್ ಸಾದಾ ಕಬ್ಬಿಣದ್ದೋ, ಸತುವಿನ ಲೇಪದ ಜಿಐ ತಗಡಿನದೋ ಎಂದು ಈ ಹಂತದಲ್ಲಿ ತಿಳಿಯಲೇಬೇಕು. ಕೆರೆದ ಕಡೆ ಬೂದುಬಿಳುಪಿನ ಮೈ, ಅದರಲ್ಲಿ ಹರಳಿನಂಥ ಚಿತ್ತಾರ ಕಂಡರೆ ಜಿಐ. ಸಾದಾ ಕಬ್ಬಿಣಕ್ಕೆ ರೆಡ್ ಆಕ್ಸೈಡ್ ಪ್ರೈಮರ್ ಸಾಕು, ಕಡಲತೀರದವರು ಎಪಾಕ್ಸಿ ಪ್ರೈಮರ್ ಹಾಕಿದರೆ ದುಡ್ಡು ಹೆಚ್ಚಾದರೂ ಬಾಳಿಕೆ ಬರುತ್ತದೆ. ಜಿಐ ಮೇಲೆ ಮಾತ್ರ ರೆಡ್ ಆಕ್ಸೈಡ್, ಎನಾಮೆಲ್ ನೇರವಾಗಿ ಬೇಡ. ಎಣ್ಣೆ ಆಧಾರದ ಬಣ್ಣದೊಡನೆ ಸತು ಸೇರಿ ನಡುವೆ ಸಾಬೂನಿನಂಥ ಪದರ ಕಟ್ಟುತ್ತದೆ, ಬಣ್ಣ ಹಾಳೆ ಹಾಳೆಯಾಗಿ ಬಿಟ್ಟುಬರುತ್ತದೆ. ಅಂಗಡಿಯಲ್ಲಿ ಜಿಐ ತಗಡಿಗೆ ಎಂದೇ ಹೇಳಿ ವಾಷ್ ಪ್ರೈಮರ್ ಅಥವಾ ಎಚ್ (etch) ಪ್ರೈಮರ್ ಕೇಳಿ.

ಉಜ್ಜಿದ ದಿನವೇ ಪ್ರೈಮರ್ ಬೀಳಬೇಕು. ಬರಿ ಕಬ್ಬಿಣ ಒಂದು ರಾತ್ರಿಯ ತೇವಕ್ಕೇ ಕೆಂಪಾಗುತ್ತದೆ. ಒಂದೇ ದಿನ ಇಡೀ ಶಟರ್ ಉಜ್ಜಲು ಆಗದಿದ್ದರೆ ಅರ್ಧ ಉಜ್ಜಿ, ಅರ್ಧಕ್ಕೆ ಪ್ರೈಮರ್ ಹಚ್ಚಿ, ಉಳಿದದ್ದನ್ನು ನಾಳೆಗಿಡಿ. ಮಡಿಕೆಗಳಿಗೆ, ಕೆಳಗಿನ ದಪ್ಪ ಪಟ್ಟಿಯ ಅಡಿಭಾಗಕ್ಕೆ ಮೊದಲೇ ಸಣ್ಣ ಬ್ರಷ್‌ನಿಂದ ಒಂದು ಕೈ ಹಚ್ಚಿ, ಆಮೇಲೆ ಇಡೀ ಮೈಗೆ. ಅಡಿಭಾಗ ಸಿಗಬೇಕಾದರೆ ಶಟರ್ ಅರ್ಧ ಎತ್ತಿ ಎರಡೂ ಬದಿಗೆ ಗಟ್ಟಿ ಮರದ ಊರೆ ಕೊಡಿ. ಸ್ಪ್ರಿಂಗ್ ಚೆನ್ನಾಗಿದೆ ಎಂಬ ನಂಬಿಕೆಯಲ್ಲಿ ಊರೆ ಇಲ್ಲದೆ ಅದರ ಕೆಳಗೆ ಕೈ ಚಾಚಬೇಡಿ.

ಬಣ್ಣ

8 ಅಡಿಗೆ 8 ಅಡಿಯ ಶಟರ್ ಲೆಕ್ಕಕ್ಕೆ 64 ಚದರಡಿ. ಪಟ್ಟಿಗಳ ಡೊಂಕು ಸೇರಿಸಿದರೆ ಒಂದು ಬದಿಗೆ 80ರ ಹತ್ತಿರ ಹೋಗುತ್ತದೆ. ಬ್ರಷ್‌ನಲ್ಲಿ ಒಂದು ಲೀಟರ್ ಎನಾಮೆಲ್ ಒಂದು ಕೋಟ್‌ಗೆ ಸುಮಾರು 100 ಚದರಡಿ ಬರುತ್ತದೆ ಎಂದಿಟ್ಟುಕೊಂಡರೆ, ಎರಡೂ ಬದಿಗೆ ಎರಡೆರಡು ಕೋಟ್‌ಗೆ ಮೂರು ಲೀಟರ್‌ಗಿಂತ ಸ್ವಲ್ಪ ಹೆಚ್ಚು ಬೇಕು. ತಿಳಿ ಬಣ್ಣ ಆರಿಸಿ. ಕಡುಬಣ್ಣದ ಶಟರ್ ಬೇಸಿಗೆಯಲ್ಲಿ ಕೈ ಇಡಲಾಗದಷ್ಟು ಕಾಯುತ್ತದೆ, ಗ್ಯಾರೇಜಿನೊಳಗೂ ಸೆಖೆ.

ಮೂರು ಇಂಚಿನ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಬರುತ್ತಾ, ಪಟ್ಟಿಯ ಉದ್ದಕ್ಕೂ ಅಡ್ಡಡ್ಡ ಎಳೆಯಿರಿ. ಕೋಟು ತೆಳುವಾಗಿರಲಿ. ಮಡಿಕೆಯಲ್ಲಿ ಬಣ್ಣ ತುಂಬಿಕೊಂಡರೆ ಪಟ್ಟಿಗಳು ಒಂದಕ್ಕೊಂದು ಅಂಟಿ, ಎತ್ತುವಾಗ ಕರಕರ ಎನ್ನುತ್ತಾ ಬಿಗಿಯುತ್ತವೆ. ಗೈಡ್ ಚಾನಲ್‌ನ ಒಳಮೈಗೆ, ಬೀಗದ ತೂತಿಗೆ, ಚಿಲಕದ ಸರಳಿಗೆ ಬಣ್ಣ ತಾಗದಂತೆ ಮಾಸ್ಕಿಂಗ್ ಟೇಪ್ ಹಚ್ಚಿ. ಮೊದಲ ಕೋಟು ಒಂದು ರಾತ್ರಿ ಆರಿದ ಮೇಲೆ 220 ನಂಬರಿನ ಪೇಪರ್‌ನಿಂದ ಹಗುರವಾಗಿ ಸವರಿ, ದೂಳು ಒರೆಸಿ ಎರಡನೆಯದನ್ನು ಹಚ್ಚಿ.

ಒಳಬದಿಗೆ ಹಚ್ಚುವಾಗ ಎಚ್ಚರ ತಪ್ಪಿದರೆ ಪ್ರಾಣಕ್ಕೇ ಅಪಾಯ. ಬೇರೆ ಬಾಗಿಲು, ಕಿಟಕಿ ಇಲ್ಲದ ಕೋಣೆಯಲ್ಲಿ ಶಟರ್ ಮುಚ್ಚಿಕೊಂಡು ಎನಾಮೆಲ್ ಹಚ್ಚಬಾರದು. ಥಿನ್ನರ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ತಲೆ ತಿರುಗಿ ಬಿದ್ದವರನ್ನು ಎಳೆದು ತರಲೂ ದಾರಿ ಇರುವುದಿಲ್ಲ. ಬಟ್ಟೆಯ ಮಾಸ್ಕ್, ಎನ್95 ಎರಡೂ ದೂಳಿಗೆ, ಆವಿಗಲ್ಲ. ಶಟರನ್ನು ಊರೆಯ ಮೇಲೆ ಎರಡಡಿ ಎತ್ತಿಟ್ಟು ಗಾಳಿ ಆಡುವಂತೆ ಮಾಡಿ, ಹೊರಗೊಬ್ಬರು ಇರಲಿ. ಅಥವಾ ಒಳಬದಿಗೆ ನೀರು ಆಧಾರದ ಎನಾಮೆಲ್ ಬಳಸಿ, ನನಗೆ ಇದೇ ಸರಿ ಅನಿಸುತ್ತದೆ. ಬೈಕು, ಪೆಟ್ರೋಲ್ ಕ್ಯಾನು, ಗ್ಯಾಸ್ ಸಿಲಿಂಡರ್ ಮೊದಲೇ ಹೊರಗೆ ಹೋಗಬೇಕು. ದೇವರ ದೀಪ, ಊದಿನಕಡ್ಡಿ ಎರಡು ದಿನ ಬೇಡ.

ಎನಾಮೆಲ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಒಣಗುವ ಎಣ್ಣೆ ಗಾಳಿಯೊಡನೆ ಸೇರುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಹೋಗದೆ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಡಿ.

ಆಮೇಲೆ

ಎರಡನೇ ಕೋಟಿನ ಮೇಲೆ ಕಡೇಪಕ್ಷ ಒಂದು ದಿನ, ಸಾಧ್ಯವಾದರೆ ಎರಡು ದಿನ ಶಟರ್ ಎತ್ತಬೇಡಿ. ಬೆರಳಿಗೆ ಅಂಟದಿದ್ದರೂ ಸುತ್ತಿಕೊಂಡಾಗ ಪಟ್ಟಿಯ ಮೇಲೆ ಪಟ್ಟಿ ಒತ್ತಿ, ಬಣ್ಣ ಕಿತ್ತು ಬರುತ್ತದೆ. ಅಂಗಡಿಯವರು ವಾರದ ರಜೆಗೆ ಒಂದು ದಿನ ಸೇರಿಸಿಕೊಳ್ಳಬೇಕಾಗುತ್ತದೆ. ಮೊದಲ ಸಲ ಎತ್ತುವಾಗ ಅರ್ಧ ಅಡಿ ಎತ್ತಿ ನಿಲ್ಲಿಸಿ, ಅಂಟಿದ ಮಡಿಕೆಯಿದ್ದರೆ ಮರದ ಚೂರಿನಿಂದ ಮೆಲ್ಲಗೆ ಬಿಡಿಸಿ. ಚಲಿಸುವ ಪಟ್ಟಿಗಳ ನಡುವೆ ಬೆರಳು ಹೋಗಬಾರದು.

ಎಣ್ಣೆಯ ಕೆಲಸ ಕಡೆಗೆ. ಸಿಲಿಕೋನ್ ಸ್ಪ್ರೇಯನ್ನು ಬಣ್ಣಕ್ಕೆ ಮೊದಲು ಹೊಡೆದರೆ, ಅದರ ತುಂತುರು ಬಿದ್ದ ಕಡೆಯೆಲ್ಲ ಬಣ್ಣ ಹರಡದೆ ಚಿಕ್ಕ ಚಿಕ್ಕ ಕಣ್ಣು ಬೀಳುತ್ತದೆ. ಬಣ್ಣ ಗಟ್ಟಿಯಾದ ಮೇಲೆ ಗೈಡ್ ಚಾನಲ್‌ಗೆ ತೆಳುವಾಗಿ ಸಿಲಿಕೋನ್ ಹೊಡೆಯಿರಿ. ಗ್ರೀಸ್, ಹಳೆ ಎಂಜಿನ್ ಆಯಿಲ್ ಬೇಡ, ದೂಳು ಸೇರಿ ಉಜ್ಜುಪುಡಿಯಾಗಿ ಪಟ್ಟಿಯ ತುದಿಗಳನ್ನೇ ಸವೆಸುತ್ತದೆ. ಬೀಗಕ್ಕೆ ಗ್ರಾಫೈಟ್ ಪುಡಿ. ಇಷ್ಟನ್ನು ಆರು ತಿಂಗಳಿಗೊಮ್ಮೆ ಮಾಡಿದರೆ ಸಾಕು.

ಮಿಕ್ಕ ಥಿನ್ನರನ್ನು ಚರಂಡಿಗೋ ತೆಂಗಿನ ಬುಡಕ್ಕೋ ಸುರಿಯಬೇಡಿ. ಮುಚ್ಚಿಟ್ಟರೆ ಗಸಿ ತಳಕ್ಕಿಳಿಯುತ್ತದೆ, ಮೇಲಿನ ತಿಳಿ ಮುಂದಿನ ಸಲ ಬ್ರಷ್ ತೊಳೆಯಲು ಬರುತ್ತದೆ. ಗಸಿ, ಖಾಲಿ ಡಬ್ಬಗಳನ್ನು ಹಸಿಕಸ ಒಣಕಸದೊಡನೆ ಬೆರೆಸದೆ ಬೇರೆಯಾಗಿ ಕೊಡಿ. ಮಿಕ್ಕ ಬಣ್ಣವನ್ನು ಕಂಠಮಟ್ಟ ತುಂಬುವಷ್ಟು ಚಿಕ್ಕ ಗಾಜಿನ ಬಾಟಲಿಗೆ ಹಾಕಿಡಿ. ಒಳಗೆ ಗಾಳಿ ಕಡಿಮೆಯಾದಷ್ಟೂ ಕೆನೆ ಕಟ್ಟುವುದು ಕಡಿಮೆ. ಕಲ್ಲೋ ಬಂಪರೋ ತಾಗಿ ಗೀರು ಬಿದ್ದ ವಾರವೇ ಅಷ್ಟು ಜಾಗವನ್ನು ಉಜ್ಜಿ, ಪ್ರೈಮರ್ ಮುಟ್ಟಿಸಿ, ಆ ಬಾಟಲಿಯ ಬಣ್ಣ ಹಚ್ಚಿಬಿಡಿ.